ಕೊಳವೆಬಾವಿಯ ಪುಡಿಯನ್ನು ಎಸೆಯಬೇಡಿ



ಕಳೆದ ವಾರ ಹಿರಿಯೂರಿನ ಕಡೆಯಿಂದ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕುಶಲೋಪರಿಯೆಲ್ಲ ಮುಗಿದ ಮೇಲೆ ನಿಧಾನವಾಗಿ ವಿಷಯಕ್ಕೆ ಬಂದ. "ಸಾರ್, ತೋಟದಲ್ಲಿ ಮೂರು ಬೋರು ಫೇಲಾದವು. ನಾಲ್ಕನೆಯದಕ್ಕೆ ಪಾಯಿಂಟ್ ಮಾಡಿಸಬೇಕು. ನಿಮ್ಮ ಹೊಳಲ್ಕೆರೆ ಕಡೆ ತೆಂಗಿನಕಾಯಿ ಹಿಡಿದು ನೀರು ನೋಡುವವರು ಒಬ್ಬರಿದ್ದಾರಂತೆ. ಪರಿಚಯ ಇದ್ದರೆ ಒಂದು ಮಾತು ಹೇಳಿ" ಎಂದ. ನಾನು ಆ ಮಾತಿಗೆ ಉತ್ತರ ಕೊಡದೆ, "ಮೂರು ಬೋರಿನಲ್ಲಿ ಎಷ್ಟೆಷ್ಟು ಅಡಿಗೆ ಏನೇನು ಬಂತಪ್ಪಾ?" ಎಂದು ಕೇಳಿದೆ. ಅವನು ನಕ್ಕುಬಿಟ್ಟ. "ಏನು ಬರುತ್ತೆ ಸಾರ್, ಧೂಳು ಬಂತು" ಎಂದ.

ಆ ಧೂಳಿನ ಬಗ್ಗೆಯೇ ಈ ಲೇಖನ. ನಮ್ಮ ಜಿಲ್ಲೆಯ ರೈತರು ಕೊಳವೆಬಾವಿಗೆ ಸುರಿದ ಹಣದಲ್ಲಿ ಬಹುಪಾಲು ಈ ಧೂಳಿನ ರೂಪದಲ್ಲಿಯೇ ಮೇಲೆ ಬಂದಿದೆ. ಅದನ್ನು ನಾವು ಗುದ್ದಲಿಯಿಂದ ಎಳೆದು ಬದುವಿನ ಪಕ್ಕಕ್ಕೆ ಹಾಕಿದ್ದೇವೆ. ಇದು ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ. ಈ ತಪ್ಪನ್ನು ನಾನೂ ಮಾಡಿದವನೇ ಆದ್ದರಿಂದ ಇನ್ನೊಬ್ಬರ ಮೇಲೆ ದೂರು ಹೇಳುವಂತೆ ಬರೆಯಲಾರೆ.

2003ರ ಬೇಸಿಗೆಯನ್ನು ನಿಮ್ಮಲ್ಲಿ ಅನೇಕರು ಮರೆತಿರಲಾರಿರಿ. ಅದಕ್ಕೆ ಹಿಂದಿನ ಎರಡು ವರ್ಷಗಳೂ ಮಳೆ ಕೈಕೊಟ್ಟಿತ್ತು. ಹೊಳಲ್ಕೆರೆ ತಾಲ್ಲೂಕಿನಲ್ಲಿರುವ ನನ್ನ ತಮ್ಮನ ಅಡಿಕೆ ತೋಟದಲ್ಲಿ ಗರಿಗಳು ಜೋತುಬಿದ್ದಿದ್ದವು. ನಮ್ಮ ತಂದೆಯ ಕಾಲದಲ್ಲಿ ಕಪಿಲೆ ಹೊಡೆಯುತ್ತಿದ್ದ ಬಾವಿ ತಳ ಕಂಡು ವರ್ಷಗಳೇ ಆಗಿದ್ದವು. ತಮ್ಮ ಆ ವರ್ಷ ಎರಡು ಕೊಳವೆಬಾವಿಗಳನ್ನು ಕೊರೆಸಿದ. ಮೊದಲನೆಯದು 420 ಅಡಿಗೆ ಹೋಗಿ ಹನಿ ನೀರೂ ಬರಲಿಲ್ಲ. ಎರಡನೆಯದಕ್ಕೆ ಅವನ ಹೆಂಡತಿಯ ಬಳೆಗಳು ಸೊಸೈಟಿಗೆ ಅಡವಾದವು. ಅಂದು ಶಾಲೆಗೆ ರಜೆಯಿದ್ದುದರಿಂದ ನಾನೂ ಲಾರಿಯ ಬಳಿ ಕುಳಿತಿದ್ದೆ.

ಕೊರೆಯುವುದನ್ನು ಹತ್ತಿರದಿಂದ ನೋಡದವರಿಗಾಗಿ ಒಂದೆರಡು ಮಾತು. ಒಂದು ರಾಡು 20 ಅಡಿ ಉದ್ದವಿರುತ್ತದೆ. ಅದರ ತುದಿಯಲ್ಲಿ ಸುತ್ತಿಗೆಯಂತೆ ಬಡಿಯುವ ಬಿಟ್. ಕಂಪ್ರೆಸರಿನ ಗಾಳಿ ರಾಡಿನ ಒಳಗಿನಿಂದ ಇಳಿದು, ಬಿಟ್ಟನ್ನು ಬಡಿಸಿ, ಪುಡಿಯಾದ ಕಲ್ಲನ್ನು ಹೊತ್ತುಕೊಂಡು ರಾಡಿನ ಹೊರಗಿನಿಂದ ಮೇಲೆ ಬರುತ್ತದೆ. 300 ಅಡಿಯ ಕೆಳಗಿನ ಕಲ್ಲು ಪುಡಿಯಾಗಿ ಕೆಲವೇ ಕ್ಷಣಗಳಲ್ಲಿ ನಮ್ಮ ಕಾಲಬುಡಕ್ಕೆ ಬಂದು ಬೀಳುತ್ತದೆ. 1960ರ ದಶಕದ ಕೊನೆಯ ಬರಗಾಲದಲ್ಲಿ ಯುನಿಸೆಫ್ ಸಂಸ್ಥೆ ಬಿಹಾರದ ಗಟ್ಟಿ ಬಂಡೆಯ ಹಳ್ಳಿಗಳಿಗೆ ಇಂಥ ಯಂತ್ರಗಳನ್ನು ತರಿಸಿತು. ಕುಡಿಯುವ ನೀರಿಗೆಂದು ಬಂದ ಯಂತ್ರ ಬರಬರುತ್ತಾ ತೋಟಗಳಿಗೆ ಹೊಕ್ಕಿತು.

ನಾನು ಸುಮ್ಮನೆ ಕುಳಿತಿರಲಾರದೆ, ಮೇಷ್ಟ್ರ ಚಾಳಿ ನೋಡಿ, ಮಕ್ಕಳ ಹಳೆಯ ನೋಟ್‌ಪುಸ್ತಕದ ಹಾಳೆಗಳನ್ನು ಹರಿದು ಪೊಟ್ಟಣ ಕಟ್ಟತೊಡಗಿದೆ. ಅರ್ಧ ರಾಡು ಇಳಿದಾಗಲೊಮ್ಮೆ ಒಂದು ಹಿಡಿ ಪುಡಿ. ಮೇಲೆ ಅಡಿಯ ಸಂಖ್ಯೆ. ತರಗತಿಯಲ್ಲಿ ತೋರಿಸಬಹುದೆಂಬುದಷ್ಟೇ ನನ್ನ ಉದ್ದೇಶ. ಪುಡಿಯ ಬಣ್ಣ ಮೊದಲು ಕೆಂಪು, ಆಮೇಲೆ ಹಳದಿ, ಎಂಬತ್ತು ಅಡಿ ದಾಟಿದ ಮೇಲೆ ಹಸಿರುಗಪ್ಪು. 290ರಿಂದ 310ರವರೆಗಿನ ಪುಡಿ ಮಾತ್ರ ತುಕ್ಕಿನ ಬಣ್ಣದ್ದಾಗಿ, ನಡುನಡುವೆ ಬಿಳಿಯ ಹರಳುಗಳು ಮಿಂಚುತ್ತಿದ್ದವು. ಧೂಳು ಏಳುವುದು ನಿಂತು ಕೆಸರಾಯಿತು. ಲಾರಿಯವನು, "ಸ್ವಲ್ಪ ನೀರು ಕಾಣಿಸಿದೆ, ಕೆಳಗೆ ಇನ್ನೂ ಸಿಗಬಹುದು" ಎಂದ. ತಮ್ಮ ನನ್ನ ಮುಖ ನೋಡಿದ. ನಾನು ಓದಿದವನೆಂದು ಅವನ ನಂಬಿಕೆ. ನಾನು, "ಇಷ್ಟು ದೂರ ಬಂದಿದ್ದೇವೆ, ಮುಂದುವರಿಯಲಿ" ಎಂದೆ. 620 ಅಡಿಯವರೆಗೆ ಹೋದರೂ ಮುಕ್ಕೋನದ ತಗಡಿನಲ್ಲಿ ಅಳೆದಾಗ ನೀರು ಅರ್ಧ ಇಂಚು ದಾಟಲಿಲ್ಲ. ಮರುವರ್ಷದ ಬೇಸಿಗೆಗೆ ಅದೂ ಬತ್ತಿತು. ತೋಟದ ಮುಕ್ಕಾಲು ಪಾಲು ಹೋಯಿತು. ಪೊಟ್ಟಣಗಳನ್ನು ಸೀಮೆಸುಣ್ಣದ ಖಾಲಿ ಡಬ್ಬಿಗಳಲ್ಲಿ ತುಂಬಿ ಟ್ರಂಕಿನಲ್ಲಿಟ್ಟು ಮರೆತುಬಿಟ್ಟೆ.

ಇದಾಗಿ ಎಷ್ಟೋ ವರ್ಷಗಳ ಮೇಲೆ, ಭೂವಿಜ್ಞಾನ ಓದಿ ಅಮೆರಿಕದಲ್ಲಿ ನೆಲೆಸಿರುವ ಶಿಷ್ಯನೊಬ್ಬ ರಜೆಗೆ ಬಂದವನು ನನ್ನನ್ನು ನೋಡಲು ಬಂದ. ಮಾತಿಗೆ ಮಾತು ಬೆಳೆದು ಟ್ರಂಕು ತೆರೆದದ್ದಾಯಿತು. ಅವನು ಡಬ್ಬಿಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಪೊಟ್ಟಣಗಳನ್ನು ಬಿಚ್ಚಿ, ಹೆಂಚಿನ ಮೇಲಿನ ರೊಟ್ಟಿಗಳಂತೆ ಸಾಲಾಗಿ ಜೋಡಿಸಿದ. 300 ಅಡಿಯ ಪೊಟ್ಟಣದ ಬಿಳಿಯ ಹರಳನ್ನು ಇನ್ನಷ್ಟು ಅರೆದು, ಅಡುಗೆಮನೆಯಿಂದ ನಿಂಬೆಹಣ್ಣು ತರಿಸಿ ಅದರ ಮೇಲೆ ಹಿಂಡಿದ. ಸಣ್ಣಗೆ ನೊರೆ ಎದ್ದಿತು. "ಇದು ಕ್ಯಾಲ್ಸೈಟ್ ಸಾರ್, ಸುಣ್ಣದ ಹರಳು. ನೀರು ಹರಿದಾಡಿದ ಬಿರುಕಿನಲ್ಲಿ ಕೂತದ್ದು. ಈ ತುಕ್ಕಿನ ಬಣ್ಣವೂ ನೀರು, ಗಾಳಿ ಆಡಿದ್ದರ ಗುರುತು. ನಿಮ್ಮ ಬಾವಿಯ ನೀರೆಲ್ಲ ಬಂದದ್ದು ಈ 20 ಅಡಿಯಿಂದ. 320ರಿಂದ ಕೆಳಗಿನ ಪೊಟ್ಟಣಗಳನ್ನು ನೋಡಿ, ಎಲ್ಲ ಒಂದೇ ಬಣ್ಣ, ಒಂದೇ ಕಲ್ಲು" ಎಂದ. ಅಂದರೆ 320ರಿಂದ 620ರವರೆಗಿನ 300 ಅಡಿಗೆ ತಮ್ಮ ತೆತ್ತ ಹಣ ಗಟ್ಟಿ ಬಂಡೆಗೆ ತೆತ್ತ ಹಣ. ಕೆಳಗೆ ಇನ್ನೊಂದು ಬಿರುಕು ಸಿಕ್ಕೀತೆಂದು ಹೋಗುವುದು ಆಗ ತಪ್ಪೇನೂ ಆಗಿರಲಿಲ್ಲ. ಆದರೆ ನೂರು ಅಡಿ, ಇನ್ನೂರು ಅಡಿ ಪುಡಿ ಬದಲಾಗದಿದ್ದಾಗ ನಿಲ್ಲಿಸುವ ಮಾತು ಯಾರಾದರೂ ಆಡಬೇಕಿತ್ತು. ಆಡಬೇಕಾದವನು ಪೊಟ್ಟಣ ಕಟ್ಟುತ್ತ ಕುಳಿತಿದ್ದ.

ಮೂವತ್ತು ವರ್ಷ ನಾನು ಶಿಲೆಗಳ ಪಾಠ ಮಾಡಿದ್ದೇನೆ. ಅಗ್ನಿಶಿಲೆ, ಪದರುಶಿಲೆ, ರೂಪಾಂತರ ಶಿಲೆ ಎಂದು ನಿಮ್ಮಿಂದ ಬಾಯಿಪಾಠ ಮಾಡಿಸಿದ್ದೇನೆ. ಕೈಯಲ್ಲಿ ಹಿಡಿದ ಕಲ್ಲಿನ ಪುಡಿಯನ್ನು ಓದಲು ನನಗೇ ಬರುತ್ತಿರಲಿಲ್ಲ.

ಆ ಶಿಷ್ಯ ಅಂದು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಬಹುಕಾಲ ಕಾಡಿತು. ಕ್ಯಾಲಿಫೋರ್ನಿಯಾದಲ್ಲಿ ಕೋಸೋ ಎಂಬ ಮರುಭೂಮಿಯ ಪ್ರದೇಶವಿದೆ. ಅಲ್ಲಿಯ ನೆಲ ಅಮೆರಿಕದ ನೌಕಾಪಡೆಗೆ ಸೇರಿದ್ದು. ಭೂಮಿಯ ಒಳಗಿನ ಬಿಸಿನೀರನ್ನು, ಹಬೆಯನ್ನು ಮೇಲೆ ತಂದು 1987ರಿಂದ ಅಲ್ಲಿ ವಿದ್ಯುತ್ ಉತ್ಪಾದಿಸುತ್ತಿದ್ದಾರೆ. ನಮ್ಮದು ನೂರಾರು ಅಡಿಯ ಬಾವಿಯಾದರೆ ಅವರದು ಸಾವಿರಾರು ಅಡಿಯದು, ಒಂದೊಂದಕ್ಕೂ ಕೋಟಿಗಟ್ಟಲೆ ಖರ್ಚು. ಆದರೆ ಅವರ ತೊಂದರೆ ನನ್ನ ತಮ್ಮನ ತೊಂದರೆಯೇ. ಬಂಡೆ ಎಷ್ಟು ಬಿಸಿಯಾಗಿದ್ದರೂ ಬಿರುಕಿಲ್ಲದೆ ನೀರು ಹರಿಯದು. ಬಿರುಕು ಯಾವ ಆಳದಲ್ಲಿದೆ? ಕುದಿಯುವ ಬಾವಿಯೊಳಗೆ ಉಪಕರಣ ಇಳಿಸಿ ನೋಡುವುದು ಕಷ್ಟ, ದುಬಾರಿ. ಆಗ ಅಲ್ಲಿಯ ವಿಜ್ಞಾನಿಗಳು ಹುಡುಕಿಕೊಂಡು ಹೋದದ್ದು ಕೊರೆದಾಗ ಬಂದ ಪುಡಿಯನ್ನು. ನ್ಯೂ ಮೆಕ್ಸಿಕೋದ ಡೇವಿಡ್ ನಾರ್ಮನ್, ಅಲಾಸ್ಕದ ಲೋರಿ ಡಿಲ್ಲಿ ಮುಂತಾದವರು 2000ದ ದಶಕದಲ್ಲಿ ಈ ಕೆಲಸ ಮಾಡಿದರು.

ಅವರ ಉಪಾಯವನ್ನು ಅರ್ಥ ಮಾಡಿಕೊಳ್ಳಲು ಕಲ್ಲುಸಕ್ಕರೆಯನ್ನು ನೆನಪಿಸಿಕೊಳ್ಳಿ. ಸಕ್ಕರೆ ಪಾಕದಲ್ಲಿ ದಾರ ಇಳಿಬಿಟ್ಟರೆ ಅದರ ಮೇಲೆ ಹರಳು ಬೆಳೆಯುತ್ತದೆ. ಬೆಳೆಯುವಾಗ ಅಲ್ಲಲ್ಲಿ ಒಂದು ಕಣ ಪಾಕ ಹರಳಿನ ಒಳಗೇ ಸಿಕ್ಕಿಕೊಳ್ಳುತ್ತದೆ. ಭೂಮಿಯೊಳಗೂ ಹೀಗೆಯೇ. ಬಿಸಿನೀರು ಬಿರುಕಿನಲ್ಲಿ ಹರಿಯುವಾಗ ಬೆಣಚುಕಲ್ಲಿನ ಹರಳೋ ಕ್ಯಾಲ್ಸೈಟಿನ ಹರಳೋ ಬೆಳೆದು, ಆ ನೀರಿನ ಒಂದು ಕಣ ಒಳಗೆ ಸೆರೆಯಾಗುತ್ತದೆ. ಕೂದಲೆಳೆಯ ದಪ್ಪಕ್ಕಿಂತಲೂ ಎಷ್ಟೋ ಚಿಕ್ಕದಾದ ಈ ಕಣಗಳನ್ನು ಭೂವಿಜ್ಞಾನಿಗಳು ಫ್ಲೂಯಿಡ್ ಇನ್‌ಕ್ಲೂಷನ್ ಎನ್ನುತ್ತಾರೆ. ನಾನು ದ್ರವಗುಳ್ಳೆ ಎನ್ನುತ್ತೇನೆ. ಇಂಗ್ಲೆಂಡಿನ ಹೆನ್ರಿ ಸಾರ್ಬಿ ಎಂಬಾತ 1858ರಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ಇವನ್ನು ನೋಡಿ ಬರೆದ. ದ್ರವ ತಣಿದು ಕುಗ್ಗಿದಾಗ ಗುಳ್ಳೆಯೊಳಗೆ ಒಂದು ಆವಿಯ ಬೊಬ್ಬೆ ಕಾಣಿಸುತ್ತದೆ. ಹರಳನ್ನು ಮತ್ತೆ ಕಾಯಿಸಿ, ಆ ಬೊಬ್ಬೆ ಮಾಯವಾಗುವ ಉಷ್ಣತೆಯನ್ನು ಗುರುತಿಸಿದರೆ, ಹರಳು ಬೆಳೆದಾಗಿನ ಬಿಸಿ ಸುಮಾರಾಗಿ ತಿಳಿಯುತ್ತದೆ ಎಂಬುದು ಅವನ ತರ್ಕ.

ಕೋಸೋದಲ್ಲಿ ಅವರು ಮಾಡಿದ್ದು ಇದಕ್ಕಿಂತ ಒರಟಾದ, ಆದರೆ ವೇಗವಾದ ಕೆಲಸ. ಬಾವಿಯ ಉದ್ದಕ್ಕೂ ನಿಗದಿತ ಅಂತರದಲ್ಲಿ ತೆಗೆದಿಟ್ಟಿದ್ದ ಪುಡಿಯಿಂದ ಚಿಟಿಕೆಯಷ್ಟನ್ನು ತೆಗೆದು, ಗಾಳಿಯಿಲ್ಲದ ಕೋಣೆಯಲ್ಲಿಟ್ಟು ಜಜ್ಜಿದರು. ಗುಳ್ಳೆಗಳು ಒಡೆದು ಹೊರಬಂದ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆದರು. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್, ಗಂಧಕದ ವಾಸನೆಯ ಹೈಡ್ರೋಜನ್ ಸಲ್ಫೈಡ್, ಸಾರಜನಕ, ಆರ್ಗಾನ್ ಎಲ್ಲವೂ ಅದರಲ್ಲಿದ್ದವು. ಇಲ್ಲಿ ಒಂದು ಸೊಗಸಿದೆ. ಮಳೆನೀರಿನಲ್ಲಿ ಕರಗಿದ ಗಾಳಿಯಲ್ಲಿ ಸಾರಜನಕವು ಆರ್ಗಾನಿನ ಸುಮಾರು 38 ಪಟ್ಟು ಇರುತ್ತದೆ. ಗುಳ್ಳೆಯಲ್ಲಿಯೂ ಅಷ್ಟೇ ಇದ್ದರೆ ಆ ನೀರು ಮೇಲಿನಿಂದ ಇಳಿದದ್ದು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಆಳದ ಶಿಲಾರಸದ ಸಂಪರ್ಕದಿಂದ ಬಂದದ್ದೆಂದು ಶಂಕಿಸಬಹುದು. ಆಳಕ್ಕೆ ತಕ್ಕಂತೆ ಈ ಅಳತೆಗಳನ್ನೆಲ್ಲ ಉದ್ದನೆಯ ಪಟ್ಟಿಯಂತೆ ಬರೆದಾಗ, ಬಿಸಿನೀರು ಓಡಾಡಿದ ಬಿರುಕುಗಳಿರುವಲ್ಲಿ ಗೆರೆಗಳು ಎದ್ದು ನಿಲ್ಲುತ್ತವೆ. ದ್ರವಗುಳ್ಳೆ ಬಿರುಕಿನ ಹಿಂದಿನ ಕಥೆ ಹೇಳೀತೇ ಹೊರತು, ಆ ಬಿರುಕು ಇಂದಿಗೂ ತೆರೆದಿದೆಯೋ ಹರಳು ತುಂಬಿ ಮುಚ್ಚಿದೆಯೋ ಎಂಬುದನ್ನು ತಾನೊಂದೇ ನಿರ್ಧರಿಸಲಾರದು. ಆ ವಿಜ್ಞಾನಿಗಳಿಗೂ ಇದು ತಿಳಿದೇ ಇತ್ತು.

"ಹಾಗಾದರೆ ತಮ್ಮನ ಪುಡಿಯನ್ನೂ ಅಲ್ಲಿಗೆ ಕಳಿಸೋಣವೇ?" ಎಂದು ನಾನು ಕೇಳಿದೆ. ಅವನು ತಲೆಯಾಡಿಸಿದ. ನಮ್ಮಲ್ಲಿ ಆ ಪರೀಕ್ಷೆ ನಡೆಯದು. ಕೋಸೋದ ಬಿಸಿನೀರು ಭೂವಿಜ್ಞಾನದ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು. ನಮ್ಮ ಬಂಡೆಗಳೋ ಪ್ರಪಂಚದ ಅಜ್ಜಂದಿರು. ಗದಗದಿಂದ ಶ್ರೀರಂಗಪಟ್ಟಣದ ಕಡೆಗೆ ಹಬ್ಬಿರುವ ಚಿತ್ರದುರ್ಗದ ಶಿಲಾಪಟ್ಟಿ ನಮ್ಮ ಜಿಲ್ಲೆಯ ನಡುವೆಯೇ ಹಾದುಹೋಗಿದೆ. ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯ ಬಳಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಶಿಲೆಗಳಿವೆ. 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ನೀರಿನೊಳಗೆ ಉಕ್ಕಿ ಹೆಪ್ಪುಗಟ್ಟಿದವು ಅವು. ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. (ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರಿ? ಕೋಟೆ ನೋಡಲು ದೂರದ ಊರುಗಳಿಂದ ಬರುತ್ತಾರೆ, ಇದನ್ನು ನಾವೇ ನೋಡಿಲ್ಲ.) ಇಂಗಳದಾಳಿನ ತಾಮ್ರ, ನಮ್ಮ ಗುಡ್ಡಗಳ ಬೆಣಚುಕಲ್ಲಿನ ಎಳೆಗಳಲ್ಲಿರುವ ಚಿನ್ನ, ಇವೆಲ್ಲ ಆ ಪ್ರಾಚೀನ ಕಾಲದ ಬಿಸಿನೀರು ತಂದಿಟ್ಟವು. ನಮ್ಮ ಹರಳುಗಳೊಳಗಿನ ಗುಳ್ಳೆಗಳಲ್ಲಿ ಬಹುಪಾಲು ಅಂದಿನ ನೀರಿನವು. ಈ ಬೇಸಿಗೆಯ ನೀರಿನ ಸುದ್ದಿ ಅವುಗಳಲ್ಲಿಲ್ಲ. ಇಂದಿನ ನಮ್ಮ ನೆಲದಾಳ ಬಿಸಿಯೂ ಅಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಾಗ ಬಂಡೆಯ ಶಾಖ ಅರವತ್ತು ಡಿಗ್ರಿ ಸೆಲ್ಸಿಯಸ್ ದಾಟಿತ್ತು, ಅಷ್ಟೇ. ತಣ್ಣೀರು ಬಿಸಿನೀರಿನಷ್ಟು ಹರಳು ಬೆಳೆಸುವುದಿಲ್ಲ.

ಹಾಗಿದ್ದರೆ ಕೋಸೋದ ಕಥೆಯನ್ನು ಏಕೆ ಹೇಳಿದೆನೆಂದು ಕೇಳುವಿರಿ. ಅವರ ಯಂತ್ರದ ಬಗೆಗಿನ ಬೆರಗಿನಿಂದ ಹೇಳಲಿಲ್ಲ. ಪರೀಕ್ಷೆಯ ಉಪಾಯ ಹೊಳೆದ ದಿನ ಅವರ ಕೈಗೆ ಹಳೆಯ ಬಾವಿಗಳ ಪುಡಿ ಸಿಕ್ಕಿತು. ಯಾರೋ ಪುಣ್ಯಾತ್ಮರು, ಮುಂದೆ ಇದರಿಂದ ಏನು ತಿಳಿಯಬಹುದೆಂಬ ಅರಿವಿಲ್ಲದಿದ್ದರೂ, ಆಳವನ್ನು ಬರೆದು ಪುಡಿಯನ್ನು ಎತ್ತಿಟ್ಟಿದ್ದರು. ಬಾವಿ ಕೊರೆದು ವರ್ಷಗಳಾದ ಮೇಲೂ ಪುಡಿ ಸಾಕ್ಷಿ ಹೇಳಿತು. ನಾಳೆ ನಮಗೂ ಒಂದು ಸುಲಭದ ಪರೀಕ್ಷೆ ಸಿಕ್ಕಿತೆಂದಿಟ್ಟುಕೊಳ್ಳಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಇದುವರೆಗೆ ಕೊರೆದ ಅಸಂಖ್ಯಾತ ಬಾವಿಗಳಲ್ಲಿ ಎಷ್ಟರ ಪುಡಿಯನ್ನು ನಾವು ತೋರಿಸಬಲ್ಲೆವು?

ಇಂದಿನ ಮಟ್ಟಿಗೆ ಯಂತ್ರವೂ ಬೇಕಿಲ್ಲ. ಕಣ್ಣು, ಒಂದು ನಿಂಬೆಹಣ್ಣು, ಒಂದು ಭೂತಗನ್ನಡಿ ಸಾಕು. ಪುಡಿಯ ಬಣ್ಣ ಎಲ್ಲಿ ಬದಲಾಯಿತು, ತುಕ್ಕು ಎಲ್ಲಿ ಕಂಡಿತು, ಹರಳು ಎಲ್ಲಿ ಬಂತು, ಧೂಳು ಎಲ್ಲಿ ಒದ್ದೆಯಾಯಿತು, ಬಿಟ್ ಎಲ್ಲಿ ದಡಕ್ಕನೆ ಇಳಿಯಿತು, ನೀರು ಎಷ್ಟು ಅಡಿಗೆ ಎಷ್ಟು ಇಂಚು ಹೆಚ್ಚಿತು. ಒಂದು ಪುಟದಲ್ಲಿ ಬರೆದಿಡಬಹುದಾದ ಸಂಗತಿಗಳು. ರಾಡುಗಳನ್ನು ಎಣಿಸುವ ಹುಡುಗನಿಗೆ ಇವೆಲ್ಲ ಗೊತ್ತಿರುತ್ತದೆ. ಮರುದಿನ ಅವನು ಇನ್ನೊಂದು ಊರಿನಲ್ಲಿರುತ್ತಾನೆ.

ನಮ್ಮ ಗಟ್ಟಿ ಬಂಡೆಯಲ್ಲಿ ನೀರು ಕೆರೆಯಂತೆ ನಿಂತಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರಿನಲ್ಲಿ ಸ್ವಲ್ಪ, ಅದರ ಕೆಳಗೆ ಬಿರುಕುಗಳಲ್ಲಿ ಸ್ವಲ್ಪ. ನಮ್ಮ ಹಿರಿಯರು ಸೆಲೆ ಎಂದು ಕರೆದದ್ದು ಇದನ್ನೇ. ಮೈಸೂರು ರಾಜ್ಯದ ಭೂವಿಜ್ಞಾನ ಇಲಾಖೆಯನ್ನು ಮುನ್ನಡೆಸಿದ ಬಿ.ಪಿ. ರಾಧಾಕೃಷ್ಣ ಅವರು ಈ ವಿಷಯವನ್ನು ಕನ್ನಡಿಗರಿಗೆ ಕನ್ನಡದಲ್ಲಿಯೇ ತಿಳಿಸಬೇಕೆಂದು 'ಅಂತರ್ಜಲ' ಎಂಬ ಪುಸ್ತಕವನ್ನೇ ಬರೆದರು. ಶಾಲೆಯ ಗ್ರಂಥಾಲಯಗಳಲ್ಲಿ ಇರಬೇಕಾದ ಪುಸ್ತಕ.

ಈಗ ನನ್ನ ಗಣಿತದ ಪಾಠವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದುಗಳು ಒಂದು ಸಮತಲವನ್ನು ನಿರ್ಧರಿಸುತ್ತವೆ. ಸ್ಲೇಟನ್ನು ಮೂರು ಬೆರಳ ತುದಿಯ ಮೇಲೆ ನಿಲ್ಲಿಸಿ ತೋರಿಸುತ್ತಿದ್ದೆನಲ್ಲ! ಬಿರುಕೂ ಅನೇಕ ವೇಳೆ ಓರೆಯಾಗಿ ಹಿಡಿದ ಸ್ಲೇಟಿನಂತೆ ಇರುತ್ತದೆ. ಅಕ್ಕಪಕ್ಕದ ಮೂರು ಬಾವಿಗಳಲ್ಲಿ ಒಂದೇ ಬಿರುಕು ಯಾವ ಯಾವ ಆಳದಲ್ಲಿ ಸಿಕ್ಕಿತೆಂದು ಗೊತ್ತಿದ್ದರೆ, ಅದು ಯಾವ ದಿಕ್ಕಿಗೆ ಎಷ್ಟು ಇಳಿಯುತ್ತಿದೆಯೆಂದು ಹತ್ತನೆಯ ತರಗತಿಯ ಹುಡುಗಿ ಲೆಕ್ಕ ಹಾಕಬಲ್ಲಳು. ನಾಲ್ಕನೆಯ ಬಾವಿಯನ್ನು ಎಲ್ಲಿ ಕೊರೆಯಬೇಕು, ಎಲ್ಲಿ ಕೊರೆಯಲೇಬಾರದು, ಎಷ್ಟು ಅಡಿಗೆ ನಿಲ್ಲಿಸಬೇಕು ಎಂಬ ಒಂದು ಅಂದಾಜು ಸಿಗುತ್ತದೆ. ಬಂಡೆ ನಮ್ಮ ಲೆಕ್ಕಕ್ಕೆ ತಲೆಬಾಗಬೇಕೆಂದೇನೂ ಇಲ್ಲ. ಬಿರುಕು ನಡುವೆ ಮುರಿಯಬಹುದು, ಮುಚ್ಚಿರಬಹುದು. ಆದರೂ ತೆಂಗಿನಕಾಯಿಗಿಂತ ಇದು ವಾಸಿ. ತಮ್ಮನ ಎರಡನೆಯ ಬಾವಿಯ ಬಿರುಕು 290 ಅಡಿಗಿತ್ತು. ಬದುವಿನಾಚೆಯ ದಾಯಾದಿಗಳ ಬಾವಿಯಲ್ಲಿ ನೀರು ಬಂದದ್ದು ಮುನ್ನೂರಕ್ಕೋ ನಾನೂರಕ್ಕೋ ಯಾರಿಗೂ ನೆನಪಿಲ್ಲ. ಮೊದಲನೆಯ ಬಾವಿಯ ಪುಡಿ ಮಳೆಗೆ ಕೊಚ್ಚಿಹೋಗಿತ್ತು. ಮೂರು ಬಾವಿಗಳಿದ್ದೂ ನಮ್ಮ ಬಳಿ ಇದ್ದದ್ದು ಒಂದೇ ಬಿಂದು.

ನೀರು ನೋಡುವವರನ್ನು ಹೀಯಾಳಿಸುವುದು ನನ್ನ ಉದ್ದೇಶವಲ್ಲ. ಅವರಲ್ಲಿ ಕೆಲವರು ಮರ, ಹುತ್ತ, ಕಲ್ಲಿನ ವಾಲುವಿಕೆಗಳನ್ನು ಜೀವನವಿಡೀ ಗಮನಿಸಿದವರು. ಹಸ್ತದ ಮೇಲೆ ತೆಂಗಿನಕಾಯಿ ಎದ್ದು ನಿಲ್ಲುವುದು ಆ ಅನುಭವಕ್ಕೆ ತೊಡಿಸಿದ ವೇಷವಿರಬಹುದು. ವಿದ್ಯುತ್ ರೋಧವನ್ನು ಅಳೆಯುವ ಯಂತ್ರ ತರುವ ಭೂವಿಜ್ಞಾನಿಗಳ ಅಂದಾಜೂ ಎಷ್ಟೋ ವೇಳೆ ತಪ್ಪುತ್ತದೆ. ನನ್ನ ಆಕ್ಷೇಪಣೆ ಬೇರೆ. ಯಾರೇ ಪಾಯಿಂಟ್ ಮಾಡಿರಲಿ, ಗೆದ್ದ ಬಾವಿಯ ಕಥೆಯನ್ನು ಊರೆಲ್ಲ ಹೇಳುತ್ತದೆ, ಸೋತ ಬಾವಿಯನ್ನು ಕಲ್ಲು ಮುಚ್ಚಿ ಮರೆಯುತ್ತೇವೆ. ಸೋತ ಬಾವಿಯ ಲೆಕ್ಕವಿಲ್ಲದೆ ಯಾವ ವಿದ್ಯೆಯನ್ನಾದರೂ ಪರೀಕ್ಷಿಸುವುದು ಹೇಗೆ? ನಿಮ್ಮ ಫೇಲಾದ ಉತ್ತರಪತ್ರಿಕೆಗಳನ್ನೂ ನಾನು ಕಟ್ಟಿಡುತ್ತಿದ್ದೆ, ನೆನಪಿರಲಿ.

ಆದ್ದರಿಂದ ನಾನು ಕೇಳುವುದು ಇಷ್ಟು. ಕೊಳವೆಬಾವಿ ಕೊರೆಯುವ ಪ್ರತಿಯೊಬ್ಬರೂ ಹತ್ತು ಅಡಿಗೊಂದು ಪೊಟ್ಟಣ ಕಟ್ಟಲಿ. 600 ಅಡಿಗೆ 60 ಪೊಟ್ಟಣ. ಬಾವಿಯ ಜಾಗವನ್ನು ಮೊಬೈಲಿನಲ್ಲಿ ಗುರುತು ಹಾಕಿ, ಮೇಲೆ ಹೇಳಿದ ಒಂದು ಪುಟದ ವಿವರ ಬರೆಯಲಿ. ಪುಟದ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿರಲಿ. ಪೊಟ್ಟಣಗಳು ಊರಿನ ಪ್ರೌಢಶಾಲೆಯ ವಿಜ್ಞಾನ ಕೊಠಡಿಯಲ್ಲಿರಲಿ. ಹೊಸ ಕಾಯ್ದೆಯನ್ನು ಬೇಡುವ ಅಗತ್ಯವೂ ಇಲ್ಲ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಲ್ಲಿ ಬಾವಿಗಳ ನೋಂದಣಿ, ಕೊರೆಯುವ ಯಂತ್ರಗಳ ನೋಂದಣಿ ಎರಡಕ್ಕೂ ಅವಕಾಶವಿದೆ. ನೋಂದಣಿಯೆಂದರೆ ಹೆಸರು, ಸರ್ವೆ ನಂಬರು, ಶುಲ್ಕ ಎಂದು ನಿಲ್ಲದೆ, ಪ್ರತಿ ಹತ್ತು ಅಡಿಗೆ ಏನು ಬಂತೆಂಬ ಕಾಲಮ್ಮೂ ಸೇರಬೇಕು. ಅದನ್ನು ತುಂಬದ ಲಾರಿಯವರಿಗೆ ಕೊನೆಯ ಕಂತಿನ ಹಣ ಕೊಡಬಾರದೆಂದು ರೈತರೇ ಕರಾರು ಮಾಡಿಕೊಂಡರೆ ಸರ್ಕಾರಕ್ಕೆ ಕಾಯುವುದೂ ಬೇಕಿಲ್ಲ.

ಇದಕ್ಕೆ ಬರುವ ಆಕ್ಷೇಪಣೆಯನ್ನು ನಾನು ಬಲ್ಲೆ, ಏಕೆಂದರೆ ಮೊದಲು ಎತ್ತಿದವನು ನನ್ನ ತಮ್ಮನೇ. "ಅಣ್ಣಾ, ನನ್ನ ನೀರು ಎಷ್ಟು ಅಡಿಗಿದೆ ಅಂತ ಊರಿಗೆಲ್ಲ ಹೇಳಿದರೆ ನಾಳೆ ಪಕ್ಕದವನು ಬದುವಿಗೆ ತಾಗಿಸಿ ಅಷ್ಟೇ ಅಡಿಗೆ ಹೊಡೆಸುತ್ತಾನೆ. ನನ್ನ ಬೋರು ಒಣಗುತ್ತೆ" ಎಂದ. ಈ ಭಯ ಸುಳ್ಳಲ್ಲ. ಒಂದೇ ಬಿರುಕಿಗೆ ಇಬ್ಬರು ಬಾಯಿಟ್ಟರೆ ಇಬ್ಬರಿಗೂ ಕಡಿಮೆಯೇ. ಆದರೆ ಗುಟ್ಟು ಮಾಡಿದ್ದರಿಂದ ಪಕ್ಕದವನು ಕೊರೆಯುವುದನ್ನು ಬಿಟ್ಟನೇ? ಕುರುಡಾಗಿ ಮೂರು ಕೊರೆದ. ಅವುಗಳಲ್ಲೊಂದು ತಮ್ಮನ ಬಿರುಕಿಗೇ ತಾಗಿದ್ದರೂ ತಾಗಿರಬಹುದು. ಜಗಳವಾದರೆ ಪಂಚಾಯಿತಿಯ ಮುಂದೆ ಇಡಲು ಇಬ್ಬರ ಬಳಿಯೂ ಪುರಾವೆಯಿಲ್ಲ. ಹೊಲದ ಬದುವಿಗೆ ನಕ್ಷೆಯಿದೆ, ಕೆರೆಯ ತೂಬಿಗೆ ಸರದಿಯಿದೆ. ನೆಲದ ಕೆಳಗಿನ ನೀರಿಗೆ ಮಾತ್ರ ಗುಟ್ಟೇ ಕಾನೂನು. ಇಷ್ಟು ಹೇಳಿದರೂ ತಮ್ಮನನ್ನು ನಾನು ಪೂರ್ತಿ ಒಪ್ಪಿಸಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಹಿಂಜರಿಯುತ್ತಿದ್ದೆನೇನೋ. ಹೆಸರು ಬಿಟ್ಟು ಆಳ ಮಾತ್ರ ಬರೆಯಬಹುದೇ, ವಿವರವನ್ನು ಶಾಲೆಯವರು ಮಾತ್ರ ನೋಡಬಹುದೇ ಎಂದು ಕಾನೂನು ಓದಿದ ಶಿಷ್ಯರು ಯೋಚಿಸಿ ತಿಳಿಸಬೇಕು.

ಆಳದ ದಾಖಲೆಯಿಂದ ಇನ್ನೊಂದು ಪ್ರಯೋಜನವಿದೆ. ನಮ್ಮ ಜಿಲ್ಲೆಯ ಅನೇಕ ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ. ಅದು ಮೀರಿದ ಊರುಗಳ ಮಕ್ಕಳು ಬಾಯ್ತುಂಬ ನಗಲು ನಾಚುತ್ತಿದ್ದುದನ್ನು, ಅವರ ಹಲ್ಲಿನ ಕಂದು ಪಟ್ಟೆಗಳನ್ನು, ನಾನು ತರಗತಿಗಳಲ್ಲಿ ಕಂಡಿದ್ದೇನೆ. ಫ್ಲೋರೈಡ್ ಬರುವುದು ಬಂಡೆಯ ಖನಿಜಗಳಿಂದ. ನೀರು ಬಂಡೆಯೊಡನೆ ಹೆಚ್ಚು ಕಾಲ ಕಳೆದಷ್ಟೂ ಅದು ಹೆಚ್ಚು ಕರಗುತ್ತದೆ. ಯಾವ ಆಳದ, ಯಾವ ಕಲ್ಲಿನ ಬಿರುಕಿನಿಂದ ನೀರು ಬರುತ್ತಿದೆಯೆಂದು ತಿಳಿಯದಿದ್ದರೆ, ಊರಿನ ಎರಡು ಕೊಳವೆಬಾವಿಗಳಲ್ಲಿ ಒಂದು ಹಲ್ಲು ಕೆಡಿಸಿ ಇನ್ನೊಂದು ಏಕೆ ಕೆಡಿಸುವುದಿಲ್ಲವೆಂದು ಹೇಳುವುದು ಕಷ್ಟ. ಮಳೆನೀರನ್ನು ಕೊಳವೆಬಾವಿಗೆ ಇಂಗಿಸುವ ಕೆಲಸಕ್ಕೂ ಇದು ಬೇಕು. ಚಿತ್ರದುರ್ಗದ ಭೂವಿಜ್ಞಾನಿ ಎನ್.ಜೆ. ದೇವರಾಜ ರೆಡ್ಡಿ ಅವರು ಈ ಮರುಪೂರಣದ ಪ್ರಚಾರಕ್ಕೆ ಬಹಳ ದುಡಿದಿದ್ದಾರೆ. ಇಂಗಿದ ನೀರು ಹೋಗಿ ಸೇರಬೇಕಾದ ಬಿರುಕು ಎಷ್ಟು ಆಳದಲ್ಲಿದೆಯೆಂದು ಗೊತ್ತಿದ್ದವರಿಗೆ ಆ ಕೆಲಸ ಸುಲಭ.

ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಹರಿದಾಗ ನಾನೂ ಮಾರಿಕಣಿವೆಗೆ ಹೋಗಿ ಕಣ್ತುಂಬಿಕೊಂಡು ಬಂದೆ. ಭದ್ರೆಯ ನೀರೂ ಅದಕ್ಕೆ ಸೇರಿದೆ. ನಾಲೆಯ ಕೆಳಗಿನವರು ಅದೃಷ್ಟವಂತರು. ಆದರೆ ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ, ನಾಲೆ ಮುಟ್ಟದ ಹಿರಿಯೂರಿನ ಮೇಲುಹೊಲಗಳು ಇವೆಲ್ಲ ಇನ್ನೂ ಬಿರುಕಿನ ನೀರನ್ನೇ ನಂಬಿವೆ. ಮಳೆ ಚೆನ್ನಾಗಿ ಬಿದ್ದ ವರ್ಷ ಪೊಟ್ಟಣದ ಮಾತು ಯಾರಿಗೂ ಬೇಡ. ಕೊರೆಸುವ ಅವಸರ ಬರುವುದು ಬರದ ವರ್ಷದಲ್ಲಿ, ಆಗ ಕಟ್ಟುವ ವ್ಯವಧಾನವಿರುವುದಿಲ್ಲ.

ಹಿರಿಯೂರಿನ ಶಿಷ್ಯನಿಗೆ ಇದನ್ನೆಲ್ಲ ಅರ್ಧ ಗಂಟೆ ಹೇಳಿದೆ. ಪಾಪ, ವಿಧೇಯನಾಗಿ ಕೇಳಿದ. ಕೊನೆಗೆ, "ಆಯ್ತು ಸಾರ್. ಮೊದಲಿನ ಮೂರು ಬೋರಿನ ಲಾರಿಯವರ ಬಿಲ್ಲುಗಳನ್ನು ಹುಡುಕುತ್ತೇನೆ, ಅಡಿಯ ಲೆಕ್ಕವಾದರೂ ಇರುತ್ತೆ" ಎಂದ. ತೆಂಗಿನಕಾಯಿಯವರ ವಿಳಾಸವನ್ನೂ ಬೇರೆ ಯಾರಿಂದಲೋ ಪಡೆದುಕೊಂಡಿದ್ದಾನೆಂದು ಆಮೇಲೆ ತಿಳಿಯಿತು. ಇರಲಿ. ನಿನ್ನೆ ಸಂಜೆ ಮತ್ತೆ ಕರೆ ಮಾಡಿದ್ದ. ಸೋಮವಾರ ಲಾರಿ ಬರುತ್ತದಂತೆ. "ಸಾರ್, ಪ್ಲಾಸ್ಟಿಕ್ ಕವರ್ ಆಗುತ್ತಾ, ಪೇಪರ್ ಪೊಟ್ಟಣವೇ ಬೇಕಾ?" ಎಂದು ಕೇಳಿದ. ಪ್ಲಾಸ್ಟಿಕ್ಕೇ ಒಳ್ಳೆಯದು, ಆದರೆ ಅಡಿಯ ಸಂಖ್ಯೆಯನ್ನು ಒಳಗೊಂದು ಚೀಟಿಯಲ್ಲಿ ಪೆನ್ಸಿಲ್ಲಿನಿಂದಲೂ ಬರೆದು ಹಾಕು, ಪೆನ್ನಿನದು ಒದ್ದೆಗೆ ಅಳಿಸಿಹೋಗುತ್ತದೆ ಎಂದೆ.